ಹೇಳುವವರು, ಬರೆಯುವವರು: ವಿದ್ಯೆಯ ಬಾಗಿಲಲ್ಲಿ ವಿಕಲಚೇತನರು

ಹೊನ್ನಾವರ ತಾಲೂಕಿನ ಇಡಗುಂಜಿ ಎಂದ ಕೂಡಲೇ ಕರಾವಳಿಯವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಅಲ್ಲಿಯ ಮಹಾಗಣಪತಿ ದೇವಸ್ಥಾನ. ಇನ್ನೊಂದು, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಆ ದೇವರ ಹೆಸರಿನಲ್ಲಿ ಕಟ್ಟಿದ ಯಕ್ಷಗಾನ ಮೇಳ. ಗಣಪತಿಯ ಬಗ್ಗೆ ನಮ್ಮ ನಾಡಿನ ಮಕ್ಕಳೆಲ್ಲ, ಯಾವ ಮನೆಯವರೇ ಆಗಲಿ, ಶಾಲೆಯಲ್ಲಿ ಕೇಳಿದ ಒಂದು ಕಥೆಯಿದೆ. ವ್ಯಾಸರು ಮಹಾಭಾರತವನ್ನು ಹೇಳುತ್ತ ಹೋದರು, ಗಣಪತಿ ಬರೆಯುತ್ತ ಹೋದ. ಬರೆಯುವವನು ಒಂದು ಕರಾರು ಹಾಕಿದ: ಹೇಳುವುದನ್ನು ನಡುವೆ ನಿಲ್ಲಿಸಕೂಡದು. ಹೇಳುವವರೂ ಒಂದು ಕರಾರು ಹಾಕಿದರು: ಅರ್ಥ ಮಾಡಿಕೊಳ್ಳದೆ ಬರೆಯಕೂಡದು.

ಆ ಗ್ರಂಥ ಯಾರದೆಂದು ಕೇಳಿದರೆ ವ್ಯಾಸರದೆಂದೇ ಎಲ್ಲರೂ ಹೇಳುತ್ತಾರೆ. ಬರೆದ ಕೈ ಬೇರೆಯದು, ಆದ್ದರಿಂದ ವಿದ್ಯೆಯೂ ಬೇರೆಯವರದು ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಕಾಲೇಜಿನ ಪರೀಕ್ಷಾ ಕೋಣೆಗೆ ಕೈ ಸ್ವಾಧೀನವಿಲ್ಲದ ವಿದ್ಯಾರ್ಥಿಯೊಬ್ಬ ಬರೆದುಕೊಡುವವರನ್ನು ಕರೆತಂದರೆ ಮೊದಲು ಮೂಡುವುದು ಅನುಮಾನ. ಪ್ರಮಾಣಪತ್ರ ಎಲ್ಲಿದೆ, ಶೇಕಡಾ ಎಷ್ಟು, ಬರೆಯುವವನು ಹೆಚ್ಚು ಓದಿದವನಲ್ಲವಷ್ಟೆ ಎಂಬ ಪ್ರಶ್ನೆಗಳು ಏಳುತ್ತವೆ. ವಿದ್ಯೆಯನ್ನು ಕೈಯಿಂದಲೂ ಕಣ್ಣಿನಿಂದಲೂ ಅಳೆಯುವ ಈ ಪದ್ಧತಿ ಎಲ್ಲಿಂದ ಬಂತು? ಅದು ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯಲು ಲೋಕದಲ್ಲಿ ಯಾವ ಉಪಾಯಗಳು ನಡೆದವು? ನಮ್ಮ ಊರುಗಳ ತನಕ ಅವು ಬಂದವೇ? ಈ ಇತಿಹಾಸವನ್ನು ಸ್ವಲ್ಪ ತಿರುವಿ ನೋಡೋಣ.

ಇಸ್ಲಾಮೀ ಇತಿಹಾಸದಿಂದಲೇ ಆರಂಭಿಸೋಣ. ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯ 'ಅಬಸ' ಅವತೀರ್ಣವಾದದ್ದು ಒಬ್ಬ ಅಂಧ ಸಹಾಬಿಯ ನಿಮಿತ್ತದಿಂದ. ಹಝ್ರತ್ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯುವ ಹಂಬಲದಿಂದ ಬಂದಾಗ ಪ್ರವಾದಿ(ಸ) ಮಕ್ಕಾದ ಮುಖಂಡರೊಡನೆ ಮಾತಿನಲ್ಲಿದ್ದರು. ಪ್ರಭಾವಶಾಲಿಗಳಿಗಿಂತ ಕಲಿಯಲು ಬಂದವನೇ ಗಮನಕ್ಕೆ ಅರ್ಹನೆಂಬ ಎಚ್ಚರಿಕೆ ಆ ಅಧ್ಯಾಯದಲ್ಲಿದೆ. ಮುಂದೆ ಅದೇ ಸಹಾಬಿ ಮದೀನಾದಲ್ಲಿ ಬಿಲಾಲ್(ರ) ಜೊತೆಗೆ ಅಝಾನ್ ಕೊಡುವವರಾದರು. ಪ್ರವಾದಿಯವರು(ಸ) ಊರ ಹೊರಗೆ ಹೋದಾಗ ಹಲವು ಬಾರಿ ಮದೀನಾದ ಹೊಣೆ ಹೊತ್ತವರೂ ಅವರೇ. ಅವರಿಗೆ ಸಿಕ್ಕಿದ್ದು ಅನುಕಂಪವಲ್ಲ, ಮಾಡಲು ಒಂದು ಕೆಲಸ ಮತ್ತು ಹೊರಲು ಒಂದು ಹೊಣೆ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಮಾತುಗಳೆಲ್ಲ ಇದರ ಮೇಲೆಯೇ ನಿಂತಿವೆ.

ಉಮಯ್ಯ ಖಲೀಫಾ ಒಂದನೆಯ ವಲೀದ್ ಕ್ರಿ.ಶ. 707ರ ಸುಮಾರಿಗೆ ದಮಾಸ್ಕಸ್‌ನಲ್ಲಿ ಕುಷ್ಠರೋಗಿಗಳು ಭಿಕ್ಷೆ ಬೇಡದಂತೆ ವೇತನ ಕಟ್ಟಿಕೊಟ್ಟನೆಂದೂ ನಡೆಯಲಾಗದವರಿಗೆ ಒಬ್ಬ ಸೇವಕನನ್ನು, ಕಣ್ಣಿಲ್ಲದವರಿಗೆ ಒಬ್ಬ ದಾರಿ ತೋರುವವನನ್ನು ನೇಮಿಸಿದನೆಂದೂ ಅರಬ್ ಇತಿಹಾಸಕಾರರು ಬರೆದಿದ್ದಾರೆ. ರಾಜ್ಯವೇ ಸಂಬಳ ಕೊಟ್ಟು ವಿಕಲಚೇತನರಿಗೆ ಸಹಾಯಕರನ್ನು ಒದಗಿಸಿದ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು.

ಆ ಕಾಲದ ವಿದ್ಯೆಯ ಕ್ರಮವೂ ಇದಕ್ಕೆ ಅನುಕೂಲವಾಗಿತ್ತು. ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ 'ಇಮ್ಲಾ' ಎಂದರೆ ಉಕ್ತಲೇಖನದ ಪಾಠ. ಆದರೆ ಹಿಂದಿನ ಮದ್ರಸಗಳಲ್ಲಿ ಇಮ್ಲಾ ಎಂಬುದು ಮಕ್ಕಳ ಪಾಠವಷ್ಟೇ ಆಗಿರಲಿಲ್ಲ. ವಿದ್ವಾಂಸರು ಕುಳಿತು ಹೇಳುತ್ತಿದ್ದರು, ಶಿಷ್ಯರು ಬರೆದುಕೊಳ್ಳುತ್ತಿದ್ದರು, ಗ್ರಂಥ ಹುಟ್ಟುತ್ತಿದ್ದುದೇ ಹಾಗೆ. ಕಂಠಪಾಠವೂ ಬಾಯಿಪಾಠವೂ ವಿದ್ಯೆಯ ಮುಖ್ಯ ದಾರಿಯಾಗಿದ್ದಾಗ ಕಣ್ಣಿಲ್ಲದಿರುವುದು ವಿದ್ವಾಂಸನಾಗಲು ದೊಡ್ಡ ಅಡ್ಡಿಯಾಗಲಿಲ್ಲ. ಎಳವೆಯಲ್ಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡ ಕವಿ ಅಬುಲ್ ಅಲಾ ಅಲ್ ಮಅರ್ರಿ (973–1057) ತನ್ನ ಕೃತಿಗಳನ್ನು ಹೇಳಿ ಬರೆಸಿದವನು. ಹದಿನಾಲ್ಕನೆಯ ಶತಮಾನದಲ್ಲಿ ಅಸ್ಸಫದಿ ಎಂಬ ಲೇಖಕ ಅಂಧ ವಿದ್ವಾಂಸರ ಮತ್ತು ಗಣ್ಯರ ಜೀವನಚರಿತ್ರೆಗಳಿಗೆಂದೇ ಒಂದು ಗ್ರಂಥ ಬರೆದನೆಂದರೆ ಅಂಥವರು ಎಷ್ಟು ಮಂದಿ ಇದ್ದಿರಬೇಕೆಂದು ಊಹಿಸಬಹುದು.

ನಮ್ಮ ಕನ್ನಡ ನಾಡಿನಲ್ಲಿ ಇದಕ್ಕೆ ಸಮನಾದ ಉದಾಹರಣೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಲ್ಲಿ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಆ ಮಕ್ಕಳು ಹಾಡುಗಾರರಾಗಿ, ವಾದ್ಯಗಾರರಾಗಿ, ಸ್ವಂತ ದುಡಿಮೆಯ ಮೇಲೆ ನಿಂತರು. ಅಲ್ಲಿಯೂ ಕಿವಿಯೇ ಪಾಠಶಾಲೆ.

ಹಳೆಯದೆಲ್ಲ ಒಳ್ಳೆಯದಿತ್ತು ಎಂದು ಹೇಳಲು ನಾವು ಹೊರಟಿಲ್ಲ. ಕಿವಿಯ ವಿದ್ಯೆ ಕಣ್ಣಿಲ್ಲದವರನ್ನು ಒಳಗೆ ಕರೆಯಿತು, ಕಿವುಡರನ್ನು ಹೊರಗೇ ನಿಲ್ಲಿಸಿತು. ಬುದ್ಧಿ ನಿಧಾನವಿದ್ದವರಿಗೂ ಬಹುಪಾಲು ಹೆಣ್ಣುಮಕ್ಕಳಿಗೂ ಅಲ್ಲಿ ಜಾಗವಿರಲಿಲ್ಲ. ಆದರೂ ಒಂದು ಪಾಠ ಸ್ಪಷ್ಟ. ಒಬ್ಬ ಮನುಷ್ಯ ವಿದ್ಯೆಗೆ ಅಸಮರ್ಥನೆಂದು ತೀರ್ಮಾನವಾಗುವುದು ಅವನ ದೇಹದಿಂದ ಮಾತ್ರವಲ್ಲ, ವಿದ್ಯೆಯನ್ನು ಕೊಡುವ ಮತ್ತು ಅಳೆಯುವ ರೀತಿಯಿಂದಲೂ ಹೌದು. ರೀತಿ ಬದಲಾದರೆ ಅಸಮರ್ಥರ ಪಟ್ಟಿಯೂ ಬದಲಾಗುತ್ತದೆ.

ನಮ್ಮ ದೇಶದಲ್ಲಿ ಆ ರೀತಿ ಬದಲಾದದ್ದು 1857ರಲ್ಲಿ. ಆ ವರ್ಷ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಮೂರು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಇವು ಮೊದಲಿಗೆ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯದಿಂದ ಬೊಂಬಾಯಿ ಆಧಿಪತ್ಯಕ್ಕೆ ಸೇರಿತು. ಅಂದಿನಿಂದ ಕುಮಟೆಯ ಹುಡುಗನಾಗಲಿ, ಹೊನ್ನಾವರದವನಾಗಲಿ, ಭಟ್ಕಳದವನಾಗಲಿ ಮೆಟ್ರಿಕ್ ಮುಗಿಸಬೇಕಾದರೆ ಬೊಂಬಾಯಿಯ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಬೇಕಾಯಿತು. ಗೊತ್ತುಪಡಿಸಿದ ಗಂಟೆಗಳಲ್ಲಿ, ಗೊತ್ತುಪಡಿಸಿದ ಬೆಂಚಿನ ಮೇಲೆ, ತನ್ನ ಕಣ್ಣಿನಿಂದ ಓದಿ, ತನ್ನ ಕೈಯಿಂದ ಬರೆದವನೇ ವಿದ್ಯಾವಂತ. ಈ ಏರ್ಪಾಡಿನಿಂದ ಜಾತಿ, ಕುಲ ನೋಡದೆ ಅಂಕ ಕೊಡುವ ಒಂದು ನ್ಯಾಯ ಬಂತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕೈ ನಡುಗುವವನು, ಅಕ್ಷರ ಕಾಣದವನು, ಮೂರು ಗಂಟೆ ನೆಟ್ಟಗೆ ಕೂರಲಾರದವನು ಆ ನ್ಯಾಯದ ಲೆಕ್ಕಕ್ಕೇ ಬರಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಒಬ್ಬಂಟಿಯಾಗಿ ಅದನ್ನು ತಳ್ಳಿ ಒಳಗೆ ಹೋದ ವೀರರು ಎಲ್ಲ ಕಡೆಯೂ ಇದ್ದಾರೆ. ಈಜಿಪ್ಟಿನ ತಾಹಾ ಹುಸೈನ್ (1889–1973) ಅಂಥವರಲ್ಲಿ ಪ್ರಮುಖರು. ಹಳ್ಳಿಯ ಮಕ್ತಬಿನಲ್ಲಿ ಕುರ್‌ಆನ್ ಕಂಠಪಾಠ ಮಾಡಿದ ಈ ಅಂಧ ಬಾಲಕ ಕೈರೋದ ಅಲ್ ಅಝ್ಹರ್ ಸೇರಿದರು. ಅಲ್ಲಿಂದ ಹೊಸ ವಿಶ್ವವಿದ್ಯಾಲಯಕ್ಕೆ ಹೋಗಿ 1914ರಲ್ಲಿ ಅದೇ ಅಲ್ ಮಅರ್ರಿಯ ಮೇಲೆ ಡಾಕ್ಟರೇಟ್ ಪಡೆದರು, ಬಳಿಕ ಪ್ಯಾರಿಸಿನಲ್ಲಿ ಇಬ್ನ್ ಖಲ್ದೂನರ ಮೇಲೆ ಇನ್ನೊಂದನ್ನು ಪಡೆದರು. 1950ರಲ್ಲಿ ಅವರು ಈಜಿಪ್ಟಿನ ಶಿಕ್ಷಣ ಸಚಿವರಾದರು. ಅವರ ಓದಿನ ಹಿಂದೆ ಬೇರೆಯವರ ಕಣ್ಣುಗಳಿದ್ದವು. ಫ್ರಾನ್ಸಿನಲ್ಲಿ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದ ಸುಝಾನ್ ಎಂಬ ತರುಣಿ ಮುಂದೆ ಅವರ ಪತ್ನಿಯಾದರು. ತಾಹಾ ಹುಸೈನರನ್ನು ನಾವು ಹೊಗಳುತ್ತೇವೆ. ಆದರೆ ಓದಿ ಹೇಳುವ ಒಬ್ಬರು ಸಿಗದೆ ಮಕ್ತಬಿನ ಹೊಸ್ತಿಲಲ್ಲೇ ಉಳಿದ ಮಕ್ಕಳನ್ನು ಲೆಕ್ಕ ಇಟ್ಟವರಾರು? ಒಬ್ಬ ವೀರ ಒಳಗೆ ಹೋದನೆಂದ ಮಾತ್ರಕ್ಕೆ ಬಾಗಿಲು ತೆರೆದಂತಾಗುವುದಿಲ್ಲ.

ಬಾಗಿಲನ್ನು ಎಲ್ಲರಿಗಾಗಿ ತೆರೆಯುವ ಕಸುಬೊಂದು ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಜಾರ್ಜ್ ಎಡ್ವರ್ಡ್ ಬಾರ್ಟನ್ ಅಮೆರಿಕದ ಒಬ್ಬ ವಾಸ್ತುಶಿಲ್ಪಿ. ಕ್ಷಯರೋಗದಿಂದ ನರಳಿ, ಕಾಲಿನ ಶಸ್ತ್ರಚಿಕಿತ್ಸೆಯ ನಂತರ ದೇಹದ ಎಡಭಾಗದ ಸ್ವಾಧೀನ ಕಳೆದುಕೊಂಡವರು. ಮರಗೆಲಸ, ತೋಟದ ಕೆಲಸ ಮಾಡುತ್ತ ತಮ್ಮ ಕೈಕಾಲುಗಳನ್ನು ತಾವೇ ಮತ್ತೆ ಪಳಗಿಸಿಕೊಂಡರು. ಅವರು ಮತ್ತು ಕೆಲವು ಸಂಗಾತಿಗಳು 1917ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಸೇರಿ 'ಆಕ್ಯುಪೇಶನಲ್ ಥೆರಪಿ'ಯ ಮೊದಲ ಸಂಘ ಕಟ್ಟಿದರು. ಅದೇ ಹೊತ್ತಿಗೆ ಮೊದಲ ಮಹಾಯುದ್ಧದಿಂದ ಗಾಯಗೊಂಡು ಮರಳಿದ ಸೈನಿಕರನ್ನು ಮತ್ತೆ ಬದುಕಿಗೆ ಹಚ್ಚಬೇಕಾದ ಅಗತ್ಯ ಬಂದು ಈ ಕಸುಬು ಬೇಗನೆ ಬೆಳೆಯಿತು.

ಈ ಹೆಸರು ನಮ್ಮವರಲ್ಲಿ ಗೊಂದಲ ಹುಟ್ಟಿಸುತ್ತದೆ. ಉದ್ಯೋಗ ಕೊಡಿಸುವ ಏರ್ಪಾಡೆಂದು ಕೆಲವರು, ಫಿಜಿಯೋಥೆರಪಿಯ ಇನ್ನೊಂದು ಹೆಸರೆಂದು ಕೆಲವರು ತಿಳಿಯುತ್ತಾರೆ. ಎರಡೂ ಅಲ್ಲ. ಮನುಷ್ಯ ಬೆಳಗಿನಿಂದ ರಾತ್ರಿಯ ತನಕ ಮಾಡುವ ಎಲ್ಲ ಕೆಲಸವೂ ಇಲ್ಲಿ 'ಆಕ್ಯುಪೇಶನ್'. ಉಣ್ಣುವುದು, ಉಡುವುದು, ಬರೆಯುವುದು, ಬಸ್ಸು ಹತ್ತುವುದು, ಪಾಠ ನೆನಪಿಡುವುದು ಇವೆಲ್ಲ ಅದರಲ್ಲಿ ಬಂದವು. ಫಿಜಿಯೋಥೆರಪಿಯವರು ಮುಖ್ಯವಾಗಿ ಬೆರಳಿನ ಬಲವನ್ನೂ ಚಲನೆಯನ್ನೂ ಹೆಚ್ಚಿಸಲು ನೋಡುತ್ತಾರೆ. ಆಕ್ಯುಪೇಶನಲ್ ಥೆರಪಿಯವರು, ಇರುವ ಬಲದಲ್ಲೇ ಆ ಬೆರಳು ಬರೆಯುವಂತೆ ಪೆನ್ನು, ಮೇಜು, ಸಮಯ, ಅಭ್ಯಾಸ ಎಲ್ಲವನ್ನೂ ಹೊಂದಿಸುತ್ತಾರೆ. ಬರೆಯಲಾಗದೇ ಹೋದರೆ ಬರೆಯದೆಯೂ ಆ ಕೆಲಸ ಆಗುವ ದಾರಿ ಹುಡುಕುತ್ತಾರೆ.

ಈ ಬಗೆಯ ಆಲೋಚನೆ ವಿಶ್ವವಿದ್ಯಾಲಯಗಳ ಒಳಗೆ ಕಾಲಿಟ್ಟದ್ದು ಎರಡನೆಯ ಮಹಾಯುದ್ಧದ ನಂತರ. 1948ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ನ್ಯೂಜೆಂಟ್ ಎಂಬವರು ಗಾಲಿಕುರ್ಚಿಯ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿದರು. ಅವರಲ್ಲಿ ಯುದ್ಧದಿಂದ ಮರಳಿದ ಸೈನಿಕರಿದ್ದರು. ಇಳಿಜಾರು ದಾರಿ, ಲಿಫ್ಟ್ ಇರುವ ಬಸ್ಸು, ಚಿಕಿತ್ಸೆ, ಆಟ ಎಲ್ಲವೂ ಓದಿನ ಭಾಗವೆಂದೇ ಅಲ್ಲಿ ಪರಿಗಣಿಸಲಾಯಿತು. 1962ರಲ್ಲಿ ಪೋಲಿಯೋದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಅವರ ಉಸಿರಾಟದ ಯಂತ್ರ ಇಡಲು ಹಾಸ್ಟೆಲಿನಲ್ಲಿ ಜಾಗವಿಲ್ಲದೆ ಅಲ್ಲಿನ ಆಸ್ಪತ್ರೆಯ ಕೋಣೆಯೇ ಅವರ ವಸತಿಯಾಯಿತು. ಅವರ ಹಿಂದೆ ಇನ್ನಷ್ಟು ಮಂದಿ ಬಂದರು. 1970ರಲ್ಲಿ ಆ ವಿದ್ಯಾರ್ಥಿಗಳೇ ನಡೆಸುವ ಸಹಾಯ ಕೇಂದ್ರ ಅಲ್ಲಿ ಸ್ಥಾಪನೆಯಾಯಿತು. ತಮಗೆ ಯಾವ ಸಹಾಯ ಬೇಕೆಂದು ತೀರ್ಮಾನಿಸುವವರು ತಾವೇ ಎಂಬುದು ಅವರ ವಾದ.

ಇದೇ ಕಸುಬು ನಮ್ಮ ದೇಶಕ್ಕೆ ಬಂದದ್ದೂ ಆ ಬೊಂಬಾಯಿಗೇ. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ, ಇಲ್ಲಿಯವರೇ ಆದ ಕಮಲಾ ನಿಂಬ್ಕರ್ ಮತ್ತೆ ಅಮೆರಿಕಕ್ಕೆ ಹೋಗಿ ಆಕ್ಯುಪೇಶನಲ್ ಥೆರಪಿ ಕಲಿತು ಬಂದರು. 1950ರಲ್ಲಿ ಬೊಂಬಾಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ಆರಂಭಿಸಿದ ಶಾಲೆಯೇ ಭಾರತದಲ್ಲಿ ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು. ಅದೇ ವರ್ಷ ಸ್ಥಾಪನೆಯಾದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯ ದೇಶಗಳಲ್ಲಿ ಭಾರತವೂ ಒಂದು. ನೂರು ವರ್ಷಗಳ ಹಿಂದೆ ಯಾವ ನಗರದಿಂದ ಕೈಬರಹದ ಪರೀಕ್ಷೆ ನಮ್ಮ ಕರಾವಳಿಗೆ ಬಂದಿತೋ ಅದೇ ನಗರದಲ್ಲಿ ಅದಕ್ಕೆ ಮದ್ದೂ ಸಿದ್ಧವಾಯಿತು. ಆದರೆ ಪರೀಕ್ಷೆ ಬಂದಷ್ಟು ಬೇಗ ಮದ್ದು ಬರಲಿಲ್ಲ.

ಕರ್ನಾಟಕದಲ್ಲಿ ಶಾಲೆಯ ಮಟ್ಟದ ಪ್ರಯತ್ನಗಳು ಹಳೆಯವು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಲ್ಲೇ ಹುಟ್ಟಿತು. ಅದೇ ಊರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗಿಗಳ ಪುನರ್ವಸತಿಗೆ ಈ ಚಿಕಿತ್ಸೆ ಬಳಕೆಯಾಯಿತು, ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವೇ ಬಂತು. ಇತ್ತ ನಮ್ಮ ಜಿಲ್ಲೆಯಲ್ಲಿ ಸ್ವಾತಂತ್ರ್ಯದ ನಂತರ ಜನರೇ ಚಂದಾ ಎತ್ತಿ ಕಾಲೇಜುಗಳನ್ನು ಕಟ್ಟಿದರು. ಕುಮಟೆಯ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯಿಂದ ಬಂದ ಭಟ್ಕಳದ ಅಂಜುಮನ್ ಕಾಲೇಜು, ಎಲ್ಲವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಿದವು. ಓದಲು ಬೊಂಬಾಯಿಗೆ ಹೋಗಬೇಕಾದ ಕಷ್ಟ ತಪ್ಪಿತು. ಆದರೆ ಆಕ್ಯುಪೇಶನಲ್ ಥೆರಪಿ ಎಂಬುದು ದೊಡ್ಡ ಆಸ್ಪತ್ರೆಗಳ ಒಂದು ವಿಭಾಗವಾಗಿಯೇ ಉಳಿಯಿತು. ಇಡಗುಂಜಿಯಿಂದ ಮಣಿಪಾಲ ನೂರು ಕಿಲೋಮೀಟರಿಗೂ ಮೀರಿದ ದಾರಿ.

ಈ ನಡುವೆ ಕಾನೂನು ಮುಂದೆ ಸಾಗಿತು. 1995ರ ಕಾಯಿದೆ ಉನ್ನತ ಶಿಕ್ಷಣದಲ್ಲಿ ಶೇಕಡಾ 3ರಷ್ಟು ಸ್ಥಾನ ಮೀಸಲಿಟ್ಟಿತು. ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಮುದ್ರೆ ಹಾಕಿತು. 2016ರ ಹೊಸ ಕಾಯಿದೆ ಅಂಗೀಕೃತ ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿ, ಮೀಸಲಾತಿಯನ್ನು ಶೇಕಡಾ 5 ಮಾಡಿತು. ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ 'ಸಮಂಜಸ ಅನುಕೂಲ' ಒದಗಿಸುವುದು ಸಂಸ್ಥೆಗಳ ಕರ್ತವ್ಯವೆಂದೂ ಸಾರಿತು. ಪರೀಕ್ಷೆಯಲ್ಲಿ ಲಿಪಿಕಾರರ ಸಹಾಯ ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರ 2013ರಲ್ಲಿ ಸೂಚಿಸಿತ್ತು. 2018ರ ಸೂಚನೆಯಲ್ಲಿ, ಅಭ್ಯರ್ಥಿಯೇ ಕರೆತರುವ ಲಿಪಿಕಾರ ಅವನಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕೆಂದಿತ್ತು. ಅರ್ಥ ಮಾಡಿಕೊಳ್ಳದೆ ಬರೆಯಕೂಡದು ಎಂದು ವ್ಯಾಸರು ಹಾಕಿದ ಕರಾರಿಗೆ ಇದು ಸರಿಯಾಗಿ ತಿರುವುಮುರುವು. ಮೋಸ ತಡೆಯಲು ಮಾಡಿದ ನಿಯಮವೆಂಬುದು ನಿಜ. ಆದರೆ ರಸಾಯನಶಾಸ್ತ್ರದ ಸಮೀಕರಣವನ್ನು ಅದರ ಗಂಧಗಾಳಿ ಇಲ್ಲದವರ ಕೈಯಲ್ಲಿ ಬರೆಸುವ ವಿದ್ಯಾರ್ಥಿಯ ಪಾಡನ್ನು ಯೋಚಿಸಬೇಕು.

2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ವಿಕಾಶ್ ಕುಮಾರ್ ಪ್ರಕರಣದಲ್ಲಿ ಒಂದು ಮಹತ್ವದ ತೀರ್ಪು ಕೊಟ್ಟಿತು. ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅವರಿಗೆ, ಶೇಕಡಾ 40ರಷ್ಟು ವೈಕಲ್ಯವಿಲ್ಲವೆಂಬ ಕಾರಣಕ್ಕೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ಮೀಸಲಾತಿಗೆ ಶೇಕಡಾವಾರು ಬೇಕಾಗಬಹುದು, ಆದರೆ ಅನುಕೂಲ ಪಡೆಯುವ ಹಕ್ಕಿಗೆ ಅದು ಅಳತೆಗೋಲಲ್ಲ ಎಂದು ನ್ಯಾಯಾಲಯ ಹೇಳಿತು.

ಹಾಗಿದ್ದರೆ ಇನ್ನು ಏನು ಕೊರತೆ? ಇಡಗುಂಜಿ ಸುತ್ತಲಿನ ಹಳ್ಳಿಯ ಒಬ್ಬಳು ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು, ಬಲಗೈ ಬಿಗಿತ, ನಡಿಗೆ ನಿಧಾನ. ಮೀಸಲಾತಿಯಿಂದ ಸೀಟು ಸಿಕ್ಕಿತು, ಪ್ರಮಾಣಪತ್ರವೂ ಇದೆ. ಆದರೆ ಬಸ್ಸಿನ ಮೆಟ್ಟಿಲು ಎತ್ತರ. ತರಗತಿ ಎರಡನೆಯ ಮಹಡಿಯಲ್ಲಿ. ಬೆಂಚಿಗೂ ಡೆಸ್ಕಿಗೂ ಅಂತರ ಹೆಚ್ಚು. ಉಪಯೋಗಿಸಬಹುದಾದ ಶೌಚಾಲಯವಿಲ್ಲದ್ದರಿಂದ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುಸ್ತು, ಮೊದಲ ವರ್ಷದ ಕೊನೆಗೆ ಕಾಲೇಜು ಬಿಡುವ ಮಾತು. ಕಾನೂನಿನ ಪುಸ್ತಕದಲ್ಲಿ ಅವಳಿಗೆ ಎಲ್ಲವೂ ಇದೆ, ಅದನ್ನು ಅವಳ ದಿನಚರಿಗೆ ಜೋಡಿಸುವವರಿಲ್ಲ.

ಆಕ್ಯುಪೇಶನಲ್ ಥೆರಪಿಯವರು ಇದ್ದಿದ್ದರೆ ಮೊದಲು ಅವಳ ಒಂದು ದಿನವನ್ನು ಅವಳ ಜೊತೆಯೇ ನಡೆದು ನೋಡುತ್ತಿದ್ದರು. ತರಗತಿಯನ್ನು ನೆಲಮಹಡಿಗೆ ತರಿಸುತ್ತಿದ್ದರು. ಇದಕ್ಕೆ ಬೇಕಾದದ್ದು ಹಣವಲ್ಲ, ವೇಳಾಪಟ್ಟಿ ಬರೆಯುವವರ ಒಂದು ಗೆರೆ. ಪಾದ ನೆಲಕ್ಕೆ ಊರುವಂಥ ಕುರ್ಚಿ, ಓರೆಯಾದ ಬರೆಯುವ ಹಲಗೆ, ದಪ್ಪ ಹಿಡಿಯ ಪೆನ್ನು ಕೊಟ್ಟು ನೋಡುತ್ತಿದ್ದರು. ಆಗಲೂ ಬರಹ ದಣಿಸಿದರೆ ಎಡಗೈಯಲ್ಲಿ ಟೈಪ್ ಮಾಡುವುದನ್ನೋ ಮೊಬೈಲಿಗೆ ಕನ್ನಡದಲ್ಲೇ ಹೇಳಿ ಬರೆಸುವುದನ್ನೋ ಅಭ್ಯಾಸ ಮಾಡಿಸುತ್ತಿದ್ದರು. ಲಿಪಿಕಾರರೇ ಬೇಕಾದರೆ ಪರೀಕ್ಷೆಯ ಹಿಂದಿನ ದಿನ ಹುಡುಕದೆ, ಮೂರು ತಿಂಗಳು ಮುಂಚೆ ಜೊತೆ ಮಾಡಿ ಅಭ್ಯಾಸ ಮಾಡಿಸುತ್ತಿದ್ದರು. ಹೇಳಿ ಬರೆಸುವುದೂ ಒಂದು ವಿದ್ಯೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬ ಲೆಕ್ಕವನ್ನು ಕಟ್ಟಡ ಕಟ್ಟುವವರಿಗೆ ತಿಳಿಸುತ್ತಿದ್ದರು. ನಮ್ಮಲ್ಲಿ ಎಷ್ಟೋ ಕಡೆ ಇಳಿಜಾರು ಎಷ್ಟು ಕಡಿದಾಗಿದೆಯೆಂದರೆ ಅದು ಸಾಮಾನು ತಳ್ಳಲು ಮಾತ್ರ ಯೋಗ್ಯ.

ಇದು ಒಬ್ಬಿಬ್ಬರ ಮಾತಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ನಮ್ಮ ಕರಾವಳಿಗೆ ಇನ್ನೂ ವಿಶೇಷ ಕಾರಣಗಳಿವೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಅನೇಕ ಮನೆಗಳಲ್ಲಿ ನೋವು ಬಿಟ್ಟು ಹೋಗಿದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು, ಆದರೆ ಅಷ್ಟರಲ್ಲಿ ಹುಟ್ಟಿದ ಮಕ್ಕಳು ಬೆಳೆಯುತ್ತಿದ್ದರು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು, ಹೆದ್ದಾರಿಯ ಅಪಘಾತದಲ್ಲಿ ಕೈಕಾಲು ಕಳೆದುಕೊಂಡ ತರುಣರು ಇಲ್ಲಿ ಅಪರೂಪವಲ್ಲ. ಅವರಲ್ಲಿ ಓದಬೇಕೆನ್ನುವವರಿಗೆ ಓದಿನ ದಾರಿ ಇರಲೇಬೇಕು.

ನಮ್ಮ ಜನ ದಾನದಲ್ಲಿ ಹಿಂದೆ ಬಿದ್ದವರಲ್ಲ. ರಮಝಾನಿನಲ್ಲಿ ಗಾಲಿಕುರ್ಚಿ, ತ್ರಿಚಕ್ರ ಸೈಕಲ್ಲು ಹಂಚುವ ಸಮಾರಂಭಗಳು ನಡೆಯುತ್ತವೆ, ಬೇರೆ ಸಮುದಾಯದವರೂ ತಮ್ಮ ಹಬ್ಬಗಳಲ್ಲಿ ಇದನ್ನು ಮಾಡುತ್ತಾರೆ. ಆದರೆ ಕೂರುವವರ ಅಳತೆ ತೆಗೆಯದೆ ಕೊಟ್ಟ ಕುರ್ಚಿ ಬೆನ್ನು ಬಾಗಿಸುತ್ತದೆ, ಹುಣ್ಣು ಮಾಡುತ್ತದೆ, ಕೊನೆಗೆ ಮನೆಯ ಜಗಲಿಯಲ್ಲಿ ಬಟ್ಟೆ ಒಣಗಿಸುವ ಸಾಧನವಾಗುತ್ತದೆ. ವಸ್ತು ಕೊಟ್ಟವರ ಹೆಸರು ಕುರ್ಚಿಯ ಬೆನ್ನಿನ ಮೇಲಿರುತ್ತದೆ, ಅದು ಉಪಯೋಗಕ್ಕೆ ಬಂತೇ ಎಂದು ನೋಡುವವರಿಲ್ಲ. ಆ ನಿಟ್ಟಿನಲ್ಲಿ ಖಲೀಫಾ ವಲೀದನ ಏರ್ಪಾಡು ನಮಗಿಂತ ಮುಂದಿತ್ತು. ಅವನು ವಸ್ತುವಿಗೆ ಬದಲಾಗಿ ಮನುಷ್ಯರನ್ನು ನೇಮಿಸಿದ್ದ.

ಪ್ರತಿ ಕಾಲೇಜೂ ಒಬ್ಬ ತಜ್ಞರನ್ನು ಇಟ್ಟುಕೊಳ್ಳುವುದು ಅಸಾಧ್ಯವೆಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಮೂರು ತಾಲೂಕುಗಳ ಕಾಲೇಜುಗಳು ಕೂಡಿ ಒಬ್ಬರನ್ನು ನೇಮಿಸಿಕೊಳ್ಳಬಹುದು. ವಾರದಲ್ಲಿ ಎರಡು ದಿನ ಒಂದೊಂದು ಊರಿನಲ್ಲಿ ಅವರು ಕುಳಿತರೆ ಸಾಕು. ಅದರ ಸಂಬಳಕ್ಕೆ ಸದಕಾದ ಹಣವೂ, ವಿದ್ಯಾನಿಧಿಗಳೂ, ಗಲ್ಫಿನಲ್ಲಿ ದುಡಿಯುವ ನಮ್ಮ ತರುಣರ ಜಮಾತುಗಳೂ, ಹಳೆ ವಿದ್ಯಾರ್ಥಿಗಳ ಸಂಘಗಳೂ ಕೈಗೂಡಿಸಬಹುದು. ಇಂಥ ಕೆಲಸದಲ್ಲಿ ಅಂಜುಮನ್ ಮತ್ತು ಬಾಳಿಗಾ, ಮಸೀದಿ ಮತ್ತು ಮಠ ಒಂದೇ ಮೇಜಿನ ಮುಂದೆ ಕೂತರೆ ಅದರಿಂದ ಬರುವ ಲಾಭ ವಿಕಲಚೇತನರಿಗೆ ಮಾತ್ರ ಸೀಮಿತವಾಗದು.

ಬರುವ ಜೂನಿನಲ್ಲಿ ಪ್ರವೇಶ ಆರಂಭವಾಗುವ ಮೊದಲು ಪ್ರತಿಯೊಂದು ಆಡಳಿತ ಮಂಡಳಿ ಒಂದು ಸಣ್ಣ ಕೆಲಸ ಮಾಡಲಿ. ಕಳೆದ ಹತ್ತು ವರ್ಷಗಳಲ್ಲಿ ತಮ್ಮಲ್ಲಿ ಸೇರಿದ ವಿಕಲಚೇತನ ವಿದ್ಯಾರ್ಥಿಗಳೆಷ್ಟು, ಪದವಿ ಮುಗಿಸಿ ಹೋದವರೆಷ್ಟು ಎಂದು ದಾಖಲೆ ತೆಗೆದು ನೋಡಲಿ. ನಡುವೆ ಬಿಟ್ಟವರ ಮನೆಗೆ ಒಬ್ಬರು ಹೋಗಿ ಕಾರಣ ಕೇಳಿ ಬರಲಿ. ಆ ಕಾರಣಗಳ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಮೊದಲ ಕೆಲಸ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.